ಗಾಡಿ ಬೇಕು, ಡ್ರೈವರ್ ಬೇಡ

ನಾನು ಜಗಳಗಂಟಿ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು. ಆ ಜುಲೈ ತಿಂಗಳ ಬೆಳಿಗ್ಗೆ ದುರ್ಗದ ಮೈದಾನದಲ್ಲಿ ನಡೆದದ್ದನ್ನು ಹೇಳುವವರೆಲ್ಲ ಇದೇ ಮಾತಿನಿಂದ ಶುರುಮಾಡುತ್ತಾರೆ. 'ಆ ಗ್ಯಾರೇಜಿನ ಹೆಂಗಸು ಗೊತ್ತಲ್ಲ, ಬಾಯಿ ಬಾಳ ಜೋರು' ಎನ್ನುತ್ತಾರೆ. ಹೌದು, ಜೋರೇ. ಹೆದ್ದಾರಿ ಪಕ್ಕ ಲಾರಿ ರಿಪೇರಿ ಮಾಡಿಕೊಂಡು ಬದುಕುವ ಹೆಂಗಸಿನ ಬಾಯಿ ಮೆತ್ತಗಿದ್ದರೆ ಸಂಜೆಯೊಳಗೆ ಅವಳ ಸ್ಪ್ಯಾನರ್ ಕೂಡ ಉಳಿಯುವುದಿಲ್ಲ.

ನನ್ನ ಗ್ಯಾರೇಜು ಐಮಂಗಲ ದಾಟಿ ಸ್ವಲ್ಪ ಮುಂದಿದೆ. ಅದರ ಹಿಂದಿನ ಶೆಡ್ಡಿನಲ್ಲಿ ಒಂದು ಹಳೆಯ ಮಿಲಿಟರಿ ಟ್ರಕ್ಕು ನಿಂತಿದೆ. ಸೇನೆಯವರು ಇನ್ನು ಸಾಕೆಂದು ಹರಾಜಿಗೆ ಹಾಕಿದ ಗಾಡಿ ಅದು. ಯಾವನೋ ಕೊಂಡು ಅದರಲ್ಲಿ ಇಟ್ಟಿಗೆ ಲೋಡು ಹೊಡೆದು, ಅದು ಸುಸ್ತಾದ ಮೇಲೆ ಬಳ್ಳಾರಿ ಜಾಲಿಯ ಪೊದೆಯೊಳಗೆ ಬಿಟ್ಟುಹೋಗಿದ್ದ. ನಾನು ಎಳೆದು ತಂದು, ನಾಲ್ಕು ವರ್ಷ ಅದರ ಕೆಳಗೆ ಮಲಗಿ, ಗೇರ್ ಬಾಕ್ಸು ಮೂರು ಸಲ ಬಿಚ್ಚಿ ಕೂಡಿಸಿ, ಓಡುವ ಹಾಗೆ ಮಾಡಿದೆ. 'ಇದ್ಯಾಕವ್ವ ಈ ಹುಚ್ಚು' ಎಂದು ಕೇಳುವವರಿಗೆ ನಾನು ಉತ್ತರ ಕೊಡುತ್ತಿರಲಿಲ್ಲ. ನನ್ನ ಅಣ್ಣ ಸೇನೆಯಲ್ಲಿ ಓಡಿಸುತ್ತಿದ್ದದ್ದು ಇಂಥದೇ ಟ್ರಕ್ಕು. ಗೊತ್ತಿದ್ದವರು ಕೇಳುತ್ತಿರಲಿಲ್ಲ.

ನಮ್ಮದು ಕುರಿ ಕಾಯುವ ಮನೆ. ಅವ್ವ ಹೊರಕೆರೆದೇವಪುರದ ಕಡೆಯವಳು. ಅಣ್ಣ ಸ್ಟೇರಿಂಗು ಹಿಡಿಯಲು ಕಲಿತದ್ದೇ ಸಂತೆಗೆ ಕುರಿ ತುಂಬಿಕೊಂಡು ಹೋಗುವ ಟೆಂಪೋದಲ್ಲಿ. ಕುರಿ ತುಂಬಿದ ಗಾಡಿಯನ್ನು ತಿರುವಿನಲ್ಲಿ ರಪ್ಪನೆ ತಿರುಗಿಸುವ ಹಾಗಿಲ್ಲ. ಕುರಿಗಳು ಒಂದರ ಮೇಲೊಂದು ಬಿದ್ದು, ಅಡಿಯಲ್ಲಿ ಸಿಕ್ಕಿದ್ದು ಉಸಿರುಗಟ್ಟಿ ಸಾಯುತ್ತದೆ. ಅಣ್ಣನ ಕೈಯಲ್ಲಿ ಒಂದು ಮರಿಯೂ ಹಾಗೆ ಸತ್ತದ್ದಿಲ್ಲ. ಅಂಥವನು ಕಾರ್ಗಿಲ್ ಯುದ್ಧದ ಬೇಸಿಗೆಯಲ್ಲಿ ಮದ್ದುಗುಂಡು ತುಂಬಿದ ಟ್ರಕ್ಕನ್ನು ಬೆಟ್ಟದ ರಸ್ತೆಯಲ್ಲಿ, ಕತ್ತಲಲ್ಲಿ, ಹೆಡ್‌ಲೈಟು ಹಾಕದೆ ಓಡಿಸುತ್ತಿದ್ದ. ಲೈಟು ಹಾಕಿದರೆ ಎದುರು ಬೆಟ್ಟದಿಂದ ಶೆಲ್ಲು ಬೀಳುತ್ತಿತ್ತು. ಒಂದು ತಿರುವಿನಲ್ಲಿ ಟ್ರಕ್ಕು ಕಂದಕಕ್ಕೆ ಉರುಳಿತು.

ಮನೆಗೆ ಬಂದ ಕಾಗದದಲ್ಲಿ ಕರ್ತವ್ಯದಲ್ಲಿದ್ದಾಗ ವಾಹನ ಉರುಳಿ ಮರಣ ಎಂದಿತ್ತು. ದುರ್ಗದಲ್ಲಿ ಹುತಾತ್ಮರ ಕಲ್ಲು ನಿಲ್ಲಿಸಿದ ಸಮಿತಿಯವರು 'ಉರುಳಿ' ಎಂಬುದನ್ನು ಓದಿದರು, 'ಕರ್ತವ್ಯ' ಎಂಬುದನ್ನು ಓದಲಿಲ್ಲ. ಅಪಘಾತದಲ್ಲಿ ಸತ್ತವರನ್ನು ಸೇರಿಸಲು ಬರುವುದಿಲ್ಲ ಎಂದರು. ಕಲ್ಲಿನ ಮೇಲೆ ನನ್ನ ಅಣ್ಣನ ಹೆಸರು ಇವತ್ತಿಗೂ ಇಲ್ಲ. ಲೈಟು ಹಾಕದೆ ಒಮ್ಮೆ ಆ ಸಮಿತಿಯವರು ತಮ್ಮ ತಮ್ಮ ಕಾರನ್ನು ನಮ್ಮ ಮಾರಿಕಣಿವೆಯ ತಿರುವಿನಲ್ಲೇ ಓಡಿಸಲಿ, ಆಮೇಲೆ ಅಪಘಾತದ ಬಗ್ಗೆ ಮಾತಾಡೋಣ ಎಂದು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಪ್ರತಿ ಜುಲೈ ತಿಂಗಳು ಆ ಮೈದಾನದಲ್ಲಿ ಯುದ್ಧದಲ್ಲಿ ಮಡಿದವರ ಹೆಸರನ್ನು ಮೈಕಿನಲ್ಲಿ ಓದುತ್ತಾರೆ. ಅವ್ವ ಒಂದು ವರ್ಷವೂ ತಪ್ಪಿಸಿಲ್ಲ. ಬೆಳಿಗ್ಗೆ ಬಸ್ಸು ಹತ್ತಿ ಹೋಗುತ್ತಾಳೆ, ಹಿಂದಿನ ಸಾಲಿನಲ್ಲಿ ಕೂರುತ್ತಾಳೆ, ಎಲ್ಲ ಹೆಸರು ಕೇಳುತ್ತಾಳೆ, ಬಿಸ್ಕತ್ತಿನ ಪೊಟ್ಟಣ ತೆಗೆದುಕೊಂಡು ವಾಪಸು ಬರುತ್ತಾಳೆ. ನನಗೆ ಮೈ ಉರಿಯುತ್ತಿತ್ತು. ಕರೆಯದ ಮನೆಗೆ ಯಾಕೆ ಹೋಗುತ್ತೀ ಎಂದು ರೇಗುತ್ತಿದ್ದೆ. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು ಒಲೆಯ ಕಡೆ ಹೋಗುತ್ತಿದ್ದಳು.

ನನ್ನಂಥ ಗಾಡಿ ಹುಚ್ಚಿನವರು ಜಿಲ್ಲೆಯಲ್ಲಿ ಇನ್ನೂ ಮೂವರಿದ್ದಾರೆ. ಹೊಸದುರ್ಗದ ಕೊಬ್ಬರಿ ವ್ಯಾಪಾರಿ ಒಬ್ಬರು, ಹೊಳಲ್ಕೆರೆಯ ರಿಟೈರ್ಡ್ ಮೇಷ್ಟ್ರು ಒಬ್ಬರು, ದುರ್ಗದಲ್ಲಿ ಕನ್ನಡಕದ ಅಂಗಡಿ ಇಟ್ಟವರೊಬ್ಬರು. ಮೂವರ ಹತ್ತಿರವೂ ಸೇನೆಯಿಂದ ಹೊರಬಿದ್ದ ಹಳೆಯ ಜೀಪುಗಳಿವೆ. ಅವರವರ ಮನೆಯಲ್ಲಿ ಅವರಿಗೆ ಗುಜರಿ ಗಿರಾಕಿ ಎಂದು ಹೆಸರು. ತಿಂಗಳಿಗೊಮ್ಮೆ ಭಾನುವಾರ ನನ್ನ ಗ್ಯಾರೇಜಿನಲ್ಲಿ ಸೇರಿ, ಕಾರ್ಬ್ಯುರೇಟರ್ ಬಗ್ಗೆ ಮಾತಾಡಿ, ಮಂಡಕ್ಕಿ ಮೆಣಸಿನಕಾಯಿ ತಿಂದು ಹೋಗುತ್ತೇವೆ. ಇದಕ್ಕಿಂತ ದೊಡ್ಡ ಸಂಘ ನಮ್ಮದಲ್ಲ.

ಆ ವರ್ಷ ಜೂನ್ ಕೊನೆಗೆ ಸಮಿತಿಯ ಕಾರ್ಯದರ್ಶಿ ನನ್ನ ಗ್ಯಾರೇಜಿಗೇ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಗ್ರೀಸು ತಾಕೀತೆಂದು ಕುರ್ಚಿಯ ತುದಿಯಲ್ಲಿ ಕುಳಿತ.

"ನಿಮ್ಮ ನಾಕೂ ಗಾಡಿ ಈ ಸಲ ಮೈದಾನಕ್ಕೆ ತರ್ರಿ. ಜನಕ್ಕೆ ಮಿಲಿಟರಿ ಗಾಡಿ ಅಂದ್ರೆ ಬಾಳ ಇಷ್ಟ. ಫೋಟೋ ತಗಸ್ಕಂತಾರೆ, ಪ್ರೋಗ್ರಾಮಿಗೆ ಒಂದು ಕಳೆ ಬರ್ತೈತೆ" ಎಂದ.

"ನಮ್ಮಣ್ಣನ ಹೆಸರು ಓದ್ತೀರಾ?" ಎಂದು ಕೇಳಿದೆ.

"ಅದು ಬ್ಯಾರೆ ವಿಚಾರ ಕಣಮ್ಮ. ಅದು ಆಕ್ಸಿಡೆಂಟು. ಗುಂಡಿಗೆ ಎದೆ ಕೊಟ್ಟವರದ್ದು ಅಷ್ಟೇ ಲಿಸ್ಟಿನಾಗೆ ಐತೆ."

"ಅಂದ್ರೆ ನಿಮಗೆ ಗಾಡಿ ಬೇಕು, ಡ್ರೈವರ್ ಬ್ಯಾಡ."

ಅವನು ನಕ್ಕ. ನಾನು ತಮಾಷೆ ಮಾಡಿದೆ ಎಂದುಕೊಂಡಿರಬೇಕು. ಎದ್ದು ಹೋಗಯ್ಯ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಒಳಗಿನಿಂದ ಅವ್ವ ಮಜ್ಜಿಗೆಯ ಲೋಟ ತಂದು ಅವನ ಕೈಗಿಟ್ಟು, "ಬರ್ತೀವಿ. ನಾಕೂ ಗಾಡಿ ತರ್ತೀವಿ. ನೀವು ಮಜ್ಜಿಗೆ ಕುಡೀರಿ" ಎಂದಳು.

ಅವನು ಹೋದ ಮೇಲೆ ನಾನು ಅವ್ವನ ಮೇಲೆ ಹರಿಹಾಯ್ದೆ. ಮಾನ ಮರ್ಯಾದೆ ಏನಾದರೂ ಇದೆಯಾ ನಿನಗೆ, ಮಗನನ್ನು ಬೇಡ ಎಂದವರಿಗೆ ಮಜ್ಜಿಗೆ ಕೊಡುತ್ತೀಯಲ್ಲ ಎಂದೆ. ಅವ್ವ ಲೋಟ ತೊಳೆಯುತ್ತಲೇ ಮಾತಾಡಿದಳು.

"ನೀನು ಕಲ್ಲು ಕಲ್ಲು ಅಂತ ಬಡ್ಕಂತೀಯ. ಕಲ್ಲಿನ ಮ್ಯಾಗೆ ಬರೆದ್ರೂ ನನಗೆ ಓದಾಕೆ ಬರಲ್ಲ. ನನ್ನ ಕಿವಿಗೆ ಬೀಳ್ಬೇಕು. ಅಷ್ಟೂ ಜನದ ಮುಂದೆ ಮೈಕಿನಾಗೆ ಒಂದ್ ಸಲ ನನ್ನ ಮಗನ ಹೆಸರು ಹೇಳ್ಬೇಕು. ನಾನು ಇರಾವಾಗಲೇ ಹೇಳ್ಬೇಕು. ನಾನು ಹೋಗೋದು ಅದಕ್ಕೆ. ಬಿಸ್ಕೀಟಿಗಲ್ಲ."

ಇಷ್ಟು ವರ್ಷ ಜೊತೆಯಲ್ಲಿದ್ದೂ ನನಗೆ ಇದು ಗೊತ್ತಿರಲಿಲ್ಲ. ನಾಚಿಕೆಯಾಯಿತು. ಆಯಿತು, ಹೋಗೋಣ ಎಂದೆ.

ಹೋಗುವುದೇ ಆದರೆ ಸರಿಯಾಗಿ ಹೋಗಬೇಕು ಎಂದು ನಾಲ್ವರೂ ತೀರ್ಮಾನಿಸಿದೆವು. ಗಾಡಿಗಳಿಗೆ ಅಸಲಿ ಮಿಲಿಟರಿ ಹಸಿರು ಬಣ್ಣವನ್ನೇ ಹೊಡೆಯುವುದೆಂದಾಯಿತು. ಆ ಹಸಿರು ಯಾವುದು ಎಂದು ಮೂರು ಭಾನುವಾರ ಕಿತ್ತಾಡಿದೆವು. ಮೇಷ್ಟ್ರು ಒಣಗಲು ಶುರುವಾದ ಹುಣಸೆ ಎಲೆ ತಂದು ಇದೇ ಎಂದರು. ಕೊಬ್ಬರಿಯವರು ಛೇ, ಇನ್ನೂ ಕಪ್ಪು ಬೇಕು ಎಂದರು. ಕನ್ನಡಕದವರು ನಿಮ್ಮಿಬ್ಬರಿಗೂ ಕಣ್ಣು ಟೆಸ್ಟ್ ಮಾಡಬೇಕು ಎಂದರು. ಕೊನೆಗೆ ನನ್ನ ಟ್ರಕ್ಕಿನ ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಹಳೆಯ ಬಣ್ಣದ ಚಕ್ಕೆಯೊಂದು ಸಿಕ್ಕಿ, ಅದಕ್ಕೆ ಹೊಂದಿಸಿ ಬಣ್ಣ ಕಲಸಿ, ನಾಲ್ಕೂ ಗಾಡಿಗೆ ಹೊಡೆದೆವು. ಎಷ್ಟು ಚೆನ್ನಾಗಿ ಬಂತೆಂದರೆ ಮೇಷ್ಟ್ರು ತಮ್ಮ ಜೀಪನ್ನು ಮುಟ್ಟಲೂ ಬಿಡುತ್ತಿರಲಿಲ್ಲ.

ಬಣ್ಣದ ಬಗ್ಗೆ ಇಷ್ಟೆಲ್ಲ ತಿಳಿದುಕೊಂಡ ನಾವು ಒಂದನ್ನು ಮಾತ್ರ ಮರೆತಿದ್ದೆವು. ಕಾರ್ಯಕ್ರಮದ ಹಿಂದಿನ ದಿನ ಬೆಳಿಗ್ಗೆ ನಾಲ್ಕೂ ಗಾಡಿಗಳನ್ನು ಸಾಲಾಗಿ ಓಡಿಸಿ ನೋಡೋಣವೆಂದು ಹೆದ್ದಾರಿಗೆ ಇಳಿದರೆ, ಎರಡು ಮೈಲಿ ಹೋಗುವುದರೊಳಗೆ ಸಾರಿಗೆ ಇಲಾಖೆಯ ಇನ್ಸ್‌ಪೆಕ್ಟರು ಕೈ ಅಡ್ಡ ಹಿಡಿದರು. ಸೇನೆಯ ಗಾಡಿ ಬಿಟ್ಟು ಬೇರೆ ಯಾರ ಗಾಡಿಗೂ ಆ ಹಸಿರು ಬಣ್ಣ ಹೊಡೆಯುವ ಹಾಗಿಲ್ಲ, ಅದು ಕಾನೂನು. ಅದಕ್ಕೇ ಹರಾಜಿನಲ್ಲಿ ಬಂದ ಗಾಡಿಗೆ ಮೊದಲು ಬಣ್ಣ ಬದಲಿಸಿ ಆಮೇಲೆ ರಿಜಿಸ್ಟರ್ ಮಾಡಿಸುತ್ತಾರೆ. ನಾವೂ ಹಾಗೆಯೇ ಮಾಡಿಸಿದ್ದೆವು. ನನ್ನ ಕಾಗದದಲ್ಲಿ ಟ್ರಕ್ಕಿನ ಬಣ್ಣ ನೀಲಿ ಎಂದೇ ಇತ್ತು. ಹಸಿರಿನ ಮೋಹದಲ್ಲಿ ನಾಲ್ಕು ಜನಕ್ಕೂ ಅದು ತಲೆಗೆ ಹೊಳೆದಿರಲಿಲ್ಲ. ಕಾನೂನು ಬಲ್ಲ ಮೇಷ್ಟ್ರೂ ಮರೆತಿದ್ದರು.

ಇನ್ಸ್‌ಪೆಕ್ಟರು ಕೆಟ್ಟವರಲ್ಲ. "ನಾಳೆ ಯಾಕೆ ಹೊಂಟೀರಿ ಅಂತ ನನಗೆ ಗೊತ್ತೈತೆ. ಆದ್ರೆ ಈ ಬಣ್ಣದಾಗೆ ರೋಡಿಗೆ ಬಂದ್ರೆ ನಾನು ಬಿಡಾಂಗಿಲ್ಲ ಕಣ್ರಿ" ಎಂದು ವಾಪಸು ಕಳಿಸಿದರು.

ಗ್ಯಾರೇಜಿನಲ್ಲಿ ನಾಲ್ವರೂ ತಲೆ ಮೇಲೆ ಕೈಹೊತ್ತು ಕುಳಿತೆವು. ಒಂದೇ ದಿನದಲ್ಲಿ ನಾಲ್ಕು ಗಾಡಿಗೆ ಬಣ್ಣ ಬದಲಿಸುವುದು ಆಗುವ ಮಾತಲ್ಲ. ಆಷಾಢದ ಗಾಳಿ, ಮೇಲೆ ಜಿಟಿಜಿಟಿ ಹನಿ, ಬಣ್ಣ ಒಣಗುವುದೂ ಇಲ್ಲ. ಕೊಬ್ಬರಿಯವರು, ಹೋಗಲಿ ಬಿಡಿ, ಮುಂದಿನ ವರ್ಷ ನೋಡೋಣ ಎಂದರು. ಅವ್ವನಿಗೆ ಎಷ್ಟು ಮುಂದಿನ ವರ್ಷಗಳಿವೆ ಎಂದು ನಾನು ಅವರ ಮೇಲೆ ಕೂಗಾಡಿದೆ. ಪಾಪ, ಅವರದೇನೂ ತಪ್ಪಿರಲಿಲ್ಲ.

ಅವ್ವ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

"ಹಸಿರು ಕಾಣಬಾರ್ದು, ಅಷ್ಟೇ ತಾನೇ?" ಎಂದಳು. "ರಜಕ್ಕೆ ಬಂದಾಗ ನನ್ನ ಮಗ ಹೇಳ್ತಿದ್ದ. ಅಲ್ಲಿ ಗಾಡಿಗೆಲ್ಲ ಮಣ್ಣು ಬಳೀತಾರಂತೆ, ದೂರಕ್ಕೆ ಮಿರಮಿರ ಅನ್ನಬಾರ್ದು ಅಂತ. ಮಣ್ಣು ಬಳ್ಕಂಡು ಹೋಗಾಣ. ಮಣ್ಣಿಗೆ ಯಾವ ಕಾನೂನೈತೆ?"

ಮೇಷ್ಟ್ರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಅಷ್ಟು ಕಿತ್ತಾಡಿ ಹೊಡೆದ ಬಣ್ಣದ ಮೇಲೆ ಮಣ್ಣು! ಮಳೆ ಬಂದರೆ ತೊಳೆದುಹೋಗುತ್ತದಲ್ಲ ಎಂದು ನೆಪ ತೆಗೆದರು. "ಸಗಣಿ ಸೇರಿಸಿದ್ರೆ ಎಲ್ಲಿಗ್ ಹೋಗ್ತೈತೆ ಮೇಷ್ಟ್ರೇ, ನಾವೇನು ಗೋಡೆಗೆ ಬಳಿಯಲ್ವಾ? ಪ್ಯಾಂಟು ಮಡಚ್ಕಳ್ರಿ" ಎಂದಳು ಅವ್ವ.

ಆಮೇಲೆ ನಡೆದದ್ದನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಹಿತ್ತಲಿನ ಕೆಂಪು ಮಣ್ಣು, ಪಕ್ಕದ ಹಟ್ಟಿಯ ಸಗಣಿ, ಅದರ ಮೇಲೆ ಕೊಡಗಟ್ಟಲೆ ನೀರು. ಕನ್ನಡಕದ ಅಂಗಡಿಯವರು, ಕೊಬ್ಬರಿ ವ್ಯಾಪಾರಿ, ಹೊಳಲ್ಕೆರೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದ ಮೇಷ್ಟ್ರು, ಮೂವರೂ ಮೊಣಕಾಲ ತನಕ ಪ್ಯಾಂಟು ಏರಿಸಿಕೊಂಡು ಅದರೊಳಗೆ ನಿಂತು ತುಳಿಯುತ್ತಿದ್ದಾರೆ. ಅವ್ವ ಕೋಲು ಹಿಡಿದು, "ಆ ಕಡಿಗೆ ತುಳೀರಿ, ಗಂಟು ಉಳೀತು" ಎಂದು ಗದರಿಸುತ್ತಿದ್ದಾಳೆ. ಹೊತ್ತು ಮುಳುಗುವುದರೊಳಗೆ ನಾಲ್ಕೂ ಗಾಡಿಗಳು ಮಣ್ಣಿನ ಬಣ್ಣಕ್ಕೆ ತಿರುಗಿದವು. ಗಾಜು, ದೀಪ, ನಂಬರ್ ಪ್ಲೇಟು ಮಾತ್ರ ಬಿಟ್ಟಿದ್ದೆವು. ನಿಜ ಹೇಳಬೇಕೆಂದರೆ, ಅವು ಯುದ್ಧ ನೋಡಿದ ಗಾಡಿಗಳ ಹಾಗೆ ಕಂಡದ್ದು ಆಗಲೇ.

ಮರುದಿನ ಬೆಳಿಗ್ಗೆ ಅದೇ ಜಾಗದಲ್ಲಿ ಅದೇ ಇನ್ಸ್‌ಪೆಕ್ಟರು ನಿಂತಿದ್ದರು. ಟ್ರಕ್ಕಿನ ಸುತ್ತ ಒಂದು ಸುತ್ತು ಬಂದು, ಬೆರಳಿನಿಂದ ಬಾಗಿಲನ್ನು ಕೆರೆದು, ಮೂಸಿ ನೋಡಿ ಮುಖ ಹಿಂಡಿಕೊಂಡರು. "ಇದ್ಯಾವ ಬಣ್ಣ?" ಎಂದರು. "ನಮ್ಮೂರಿನ ಬಣ್ಣ ಸಾರ್" ಎಂದೆ. ಅವರು ಬೆರಳು ಒರೆಸಿಕೊಳ್ಳುತ್ತ, "ಇವತ್ತೊಂದು ದಿನ. ವಾರದೊಳಗೆ ಕಾಗದದಾಗೆ ಇರೋ ಬಣ್ಣ ಹೊಡಸ್ರಿ" ಎಂದು ದಾರಿ ಬಿಟ್ಟರು. ನಾವು ಆ ವಾರವೇ ಹೊಡೆಸಿದೆವು. ಆ ಮಾತು ತಪ್ಪಲಿಲ್ಲ.

ಮೈದಾನದಲ್ಲಿ ಕಾರ್ಯದರ್ಶಿ ನಮ್ಮನ್ನು ನೋಡಿ ಹೌಹಾರಿದ.

"ಏನಮ್ಮ ಇದು, ಸಗಣಿ ಬಳ್ಕಂಡು ಬಂದೀರಲ್ಲ! ಮುಖ್ಯ ಅತಿಥಿಗಳು ಮಿಲಿಟರಿ ಆಫೀಸರಾಗಿದ್ದವರು, ಏನಂದ್ಕಂತಾರೆ?"

"ಅವರು ಯುದ್ಧ ನೋಡಿದ್ರೆ ಏನೂ ಅಂದ್ಕಳಲ್ಲ" ಎಂದೆ.

ಅವನಿಗೆ ಜಗಳ ಆಡಲು ಪುರುಸೊತ್ತಿರಲಿಲ್ಲ. ಆ ಮೈದಾನಕ್ಕೆ ಕಾರು ಹೋಗುವಂಥದ್ದು ಒಂದೇ ಗೇಟು. ಅತಿಥಿಗಳ ಕಾರುಗಳೆಲ್ಲ ಒಳಗೆ ಬಂದ ಮೇಲೆ ಆಟೋ, ದನ ನುಗ್ಗದಿರಲಿ ಎಂದು ಅವನೇ ನನ್ನ ಟ್ರಕ್ಕನ್ನು ಗೇಟಿಗೆ ಅಡ್ಡ ನಿಲ್ಲಿಸಲು ಹೇಳಿದ. ಮೂರು ಜೀಪುಗಳನ್ನೂ ಅದರ ಪಕ್ಕಕ್ಕೇ ಸಾಲಾಗಿ ನಿಲ್ಲಿಸಿದ, ಜನ ಒಳಗೆ ಬರುವಾಗಲೇ ಕಾಣಲೆಂದು. ಜನ ಬಂದರು, ಫೋಟೋ ತೆಗೆಸಿಕೊಂಡರು, ಮಣ್ಣು ಮುಟ್ಟಿ ನೋಡಿದರು. ಅವ್ವ ಎಂದಿನಂತೆ ಹೋಗಿ ಕುಳಿತಳು. ಆದರೆ ಆ ದಿನ ಹಿಂದಿನ ಸಾಲಿಗೆ ಹೋಗಲಿಲ್ಲ. ಮೊದಲ ಸಾಲಿನ ಎದುರು, ನೆಲದ ಮೇಲೆ ತನ್ನ ಕಂಬಳಿ ಹಾಸಿಕೊಂಡು ಕುಳಿತಳು.

ಮುಖ್ಯ ಅತಿಥಿ, ಬಿಳಿ ಮೀಸೆಯ ನಿವೃತ್ತ ಅಧಿಕಾರಿ, ಕಲ್ಲಿಗೆ ಹಾರ ಹಾಕಿ ಹೆಸರುಗಳನ್ನು ತಾವೇ ಓದಿದರು. ಒಂದೊಂದು ಹೆಸರಿಗೂ ಸ್ವಲ್ಪ ನಿಲ್ಲಿಸಿ ಓದಿದರು. ಕೊನೆಯ ಹೆಸರಾದ ಮೇಲೆ ಕಾಗದ ಮಡಚಿದರು. ಕಾರ್ಯದರ್ಶಿ ಮೈಕಿಗೆ ಬಂದು, ಇಲ್ಲಿಗೆ ನಮನ ಕಾರ್ಯಕ್ರಮ ಮುಗಿಯಿತು, ಈಗ ಎಲ್ಲರೂ... ಎಂದು ಶುರುಮಾಡಿದ.

ಅವ್ವ ಎದ್ದು ನಿಂತಳು.

"ಮುಗಿದಿಲ್ಲ. ಒಂದು ಬಂದಿಲ್ಲ" ಎಂದಳು.

ಅಲ್ಲಿದ್ದ ಕುರಿಯವರಿಗೆಲ್ಲ ಆ ಮಾತು ತಕ್ಷಣ ತಿಳಿಯಿತು. ಸಂಜೆ ಕುರಿಗಳನ್ನು ರೊಪ್ಪದೊಳಗೆ, ಅಂದರೆ ಮುಳ್ಳುಬೇಲಿಯ ದೊಡ್ಡಿಯೊಳಗೆ ಬಿಡುವಾಗ ನಮ್ಮವರು ಎಣಿಸುವುದಿಲ್ಲ. ಎಣಿಸಿದರೆ ಹಿಂಡಿಗೆ ಒಳ್ಳೆಯದಲ್ಲ ಎನ್ನುತ್ತಾರೆ. ಬಾಗಿಲಲ್ಲಿ ನಿಂತು ನೋಡುತ್ತಾರೆ, ಯಾವುದು ಬಂದಿಲ್ಲ ಎಂಬುದು ಅವರ ಕಣ್ಣಿಗೆ ಗೊತ್ತಾಗುತ್ತದೆ. ಒಂದು ಬಂದಿಲ್ಲ ಎಂದು ಹಿಂಡಿನ ಯಜಮಾನಿ ಹೇಳಿದಳೆಂದರೆ ಯಾರೂ ಬಾಗಿಲು ಹಾಕುವ ಹಾಗಿಲ್ಲ. ಕೂಳು ಆರಿದರೂ ಸರಿ, ಕಾಯಬೇಕು. ಹಿಂದಿನ ಸಾಲುಗಳಲ್ಲಿ ಎದ್ದಿದ್ದ ಹತ್ತಿಪ್ಪತ್ತು ಮಂದಿ ಮತ್ತೆ ಕುಳಿತರು.

"ಅಮ್ಮ, ಕುಂತ್ಕಳ್ರಿ. ಲಿಸ್ಟಿನಾಗೆ ಇರೋದೆಲ್ಲ ಓದಿ ಆಗೈತೆ" ಎಂದ ಕಾರ್ಯದರ್ಶಿ.

"ಲಿಸ್ಟು ನಿಂದು. ಮಗ ನಂದು. ನಾನು ನಿಂತಿರ್ತೀನಿ, ನಿಮಗೆ ಅರ್ಜೆಂಟಿದ್ರೆ ಹೋಗ್ರಿ" ಎಂದಳು ಅವ್ವ. ದನಿ ಏರಿಸಲಿಲ್ಲ. ಎಪ್ಪತ್ತೆಂಟರ ಮುದುಕಿ, ಕೈಯಲ್ಲಿ ಕೋಲು, ಕಾಲಲ್ಲಿ ಹವಾಯಿ ಚಪ್ಪಲಿ. ನನಗೆ ಅವಳ ಮೇಲೆ ಹೆಮ್ಮೆ ಉಕ್ಕಿ ಬಂತು, ಅಳುವೂ ಬಂತು.

ಅವಳು ಹೋಗ್ರಿ ಎಂದಳೇ ಹೊರತು ಹೋಗುವುದು ಎಲ್ಲಿಂದ? ಕಾರುಗಳು ಸ್ಟಾರ್ಟ್ ಆದವು, ಗೇಟಿನ ತನಕ ಬಂದವು, ನಿಂತವು. ಕಾರ್ಯದರ್ಶಿ ಓಡಿ ಬಂದು, "ಗಾಡಿ ತೆಗಿಯಮ್ಮ, ಸಾಹೇಬ್ರಿಗೆ ಬ್ಯಾರೆ ಪ್ರೋಗ್ರಾಮ್ ಐತೆ" ಎಂದ. ನಾನು ಬಾಗಿಲು ಹಾಕಿ ಬೀಗದ ಕೈಯನ್ನು ಕುಪ್ಪಸದೊಳಗೆ ಇಳಿಬಿಟ್ಟೆ.

"ಡ್ರೈವರ್ ಬ್ಯಾಡ ಅಂದಿದ್ರಲ್ಲ. ಡ್ರೈವರ್ ಇಲ್ದಂಗೆ ನೀವೇ ತಗಳ್ರಿ" ಎಂದೆ.

ಅವನು ಜೀಪಿನವರ ಕಡೆ ತಿರುಗಿದ. ಕನ್ನಡಕದವರು ತಮ್ಮ ಕನ್ನಡಕ ತೆಗೆದು ಒರೆಸಲು ಶುರುಮಾಡಿದರು. ಕೊಬ್ಬರಿಯವರು ಆಕಾಶ ನೋಡಿದರು. ಜೀವನದಲ್ಲಿ ಒಂದು ದಿನವೂ ನಿಯಮ ಮುರಿಯದ ಮೇಷ್ಟ್ರು ತಮ್ಮ ಜೀಪಿನ ಬಾನೆಟ್ಟು ಎತ್ತಿ, "ಸ್ಟಾರ್ಟ್ ಆಗ್ತಿಲ್ಲ ಸ್ವಾಮಿ, ಹಳೇ ಗಾಡಿ" ಎಂದರು. ಅದರ ಬ್ಯಾಟರಿ ವೈರನ್ನು ಅವರೇ ಕಿತ್ತು ಕೈಯಲ್ಲಿ ಹಿಡಿದಿದ್ದರು. ಬಚ್ಚಿಡಬೇಕೆಂಬುದೂ ಅವರಿಗೆ ಹೊಳೆದಿರಲಿಲ್ಲ.

ಕಾರ್ಯದರ್ಶಿ ಪೊಲೀಸರನ್ನು ಕರೆಸುತ್ತೇನೆ ಎಂದ. ಕರೆಸು ಎಂದೆ. ಹನಿ ಶುರುವಾಯಿತು. ಮೈದಾನದ ನಡುವೆ ಅವ್ವ ಕಂಬಳಿಯನ್ನು ತಲೆಗೆ ಕೊಪ್ಪೆ ಹಾಕಿಕೊಂಡು ನಿಂತೇ ಇದ್ದಳು.

ಆಗ ಆ ನಿವೃತ್ತ ಅಧಿಕಾರಿ ಕಾರಿನಿಂದ ಇಳಿದರು. ನನ್ನ ಟ್ರಕ್ಕಿನ ಹತ್ತಿರ ಬಂದು, ಮಣ್ಣು ಬಳಿದದ್ದನ್ನು ನೋಡಿ, ಗಾಜಿನ ಸುತ್ತ ಕೈಯಾಡಿಸಿದರು. "ಇದನ್ನು ಯಾರು ಹೇಳಿಕೊಟ್ಟರು?" ಎಂದು ಕೇಳಿದರು. ನಮ್ಮಣ್ಣ ಎಂದೆ. ಎಲ್ಲಿದ್ದಾನೆ ಎಂದರು. ನಾನು ಹೇಳಿದೆ. ಯಾವ ರಸ್ತೆ, ಯಾವ ತಿಂಗಳು, ಏನು ಲೋಡು, ಲೈಟು ಯಾಕೆ ಹಾಕಿರಲಿಲ್ಲ, ಎಲ್ಲ ಹೇಳಿದೆ. ನನ್ನ ಬಾಯಿ ಆ ದಿನ ತಡವರಿಸಲಿಲ್ಲ. ಅವರು ಪೂರ್ತಿ ಕೇಳಿಸಿಕೊಂಡರು.

"ಆ ರಸ್ತೆಯಲ್ಲಿ ನನಗೂ ಅನ್ನ ಬಂದದ್ದು ಇಂಥ ಟ್ರಕ್ಕಿನಲ್ಲೇ" ಎಂದರು. ಕಾರ್ಯದರ್ಶಿ, "ಸಾರ್, ದಾಖಲೆಯಲ್ಲಿ..." ಎಂದು ಬಾಯಿ ತೆರೆದ. ಅವರು ಅವನ ಕಡೆ ನೋಡಲೂ ಇಲ್ಲ. ಸೀದಾ ಮೈದಾನದ ನಡುವೆ ನಡೆದುಹೋಗಿ, ಅವ್ವನ ಮುಂದೆ ಬಗ್ಗಿ, ಮಗನ ಹೆಸರು ಕೇಳಿದರು. ಅವ್ವ ಹೇಳಿದಳು. ಅಪ್ಪನ ಹೆಸರು, ಊರಿನ ಹೆಸರು ಸೇರಿಸಿ ಹೇಳಿದಳು. ಅವರು ಮಳೆಯಲ್ಲೇ ಮೈಕಿನ ಹತ್ತಿರ ಹೋಗಿ, ಟೊಪ್ಪಿಗೆ ಸರಿಮಾಡಿಕೊಂಡು, ಅದನ್ನು ಓದಿದರು. ಉಳಿದವರ ಹೆಸರು ಹೇಗೆ ಓದಿದ್ದರೋ ಹಾಗೆಯೇ, ಹೆಚ್ಚಿಲ್ಲ, ಕಡಿಮೆಯಿಲ್ಲ. ಗೇಟಿನ ಬಳಿ ನಾವು ನಾಲ್ವರೂ ನೆಟ್ಟಗೆ ನಿಂತೆವು.

ಹೆಸರು ಮೈದಾನದ ತುಂಬ ಕೇಳಿಸಿತು. ಎಲ್ಲರೂ ಅವ್ವನ ಕಡೆ ನೋಡಿದರು, ಈಗಲಾದರೂ ಕೂರುತ್ತಾಳೆಂದು. ಅವಳು ಕೂರಲಿಲ್ಲ. ಕೊಪ್ಪೆ ಸರಿಸಿ, ಕಿವಿಯನ್ನು ಮೈಕಿನ ಕಡೆ ತಿರುಗಿಸಿದಳು.

"ಇಪ್ಪತ್ತೈದು ವರ್ಷ ಆತು ಸ್ವಾಮಿ, ಬ್ಯಾರೆಯವರ ಬಾಯಾಗೆ ಈ ಹೆಸರು ಕೇಳಿ" ಎಂದಳು. "ಇನ್ನೊಂದ್ ಸಲ ಓದ್ರಿ."

ಅವರು ಇನ್ನೊಂದು ಸಲ ಓದಿದರು.